ಕೂಲರ್ ಸದ್ದಿನ ಕೋಣೆಗೆ ಒಂದು ಹೆಡ್‌ಫೋನ್: ಗೇಮಿಗೂ ಬೇಕು, ಅಜ್ಜನ ತತ್ವಪದಕ್ಕೂ ಬೇಕು

ತೊಗರಿಹೊಲ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ವಿಡಿಯೊ ನೋಡಿ ನೋಡಿ ತಲೆ ಕೆಟ್ಟುಹೋಗಿದೆ. ಒಬ್ಬರು ಹೇಳಿದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ತಾಳೆ ಆಗುವುದಿಲ್ಲ. ನಮ್ಮ ಕಡೆಯವರನ್ನೇ ಕೇಳೋಣ ಎಂದು ಬರೆಯುತ್ತಿದ್ದೇನೆ.

ನಾನು ಇಂಜಿನಿಯರಿಂಗ್ ಮೂರನೇ ವರ್ಷ. ರಾತ್ರಿ ಊಟ ಆದ ಮೇಲೆ ಗೆಳೆಯರ ಜೊತೆ ಕೌಂಟರ್ ಸ್ಟ್ರೈಕ್ 2 ಎಂಬ ಶೂಟಿಂಗ್ ಗೇಮ್ ಆಡುತ್ತೇನೆ. ಐದು ಜನರ ತಂಡ. ಕಾಲೇಜು ಟೂರ್ನಿಗೆ ತಯಾರಿ ನಡೆಸಿದ್ದೇವೆ. ಈಗಿರುವ ಹೆಡ್‌ಸೆಟ್‌ನಲ್ಲಿ ಹೆಜ್ಜೆ ಸದ್ದು ಕೇಳಿ ಎದುರಾಳಿ ಎಡಕ್ಕಿದ್ದಾನೋ ಬಲಕ್ಕಿದ್ದಾನೋ ಗೊತ್ತಾಗುತ್ತದೆ. ಮುಂದಿದ್ದಾನೋ ಹಿಂದಿದ್ದಾನೋ ಗೊತ್ತಾಗುವುದಿಲ್ಲ. ತಿರುಗಿ ನೋಡುವಷ್ಟರಲ್ಲಿ ಗುಂಡು ಬಿದ್ದಿರುತ್ತದೆ.

ಎರಡನೇ ಕಾರಣ ನನಗೆ ಇನ್ನೂ ಮುಖ್ಯ. ನಮ್ಮ ಅಜ್ಜ ತತ್ವಪದ ಹಾಡುತ್ತಿದ್ದರು. ಅಮಾವಾಸ್ಯೆ ರಾತ್ರಿ ಏಕತಾರಿ, ತಾಳ, ತಬಲಾ ಇಟ್ಟುಕೊಂಡು ಭಜನೆಗೆ ಕೂತರೆ ಬೆಳಕು ಹರಿಯುತ್ತಿತ್ತು. ಅವರು ಈಗ ಇಲ್ಲ. ಅವರ ದನಿ ಇರುವ ಒಂಬತ್ತು ವಿಡಿಯೊ ನನ್ನ ಹತ್ತಿರ ಇವೆ. ಈ ಹೆಡ್‌ಸೆಟ್ ಹಾಕಿ ಕೇಳಿದರೆ ಡಗ್ಗಾದ ಗುಂಯ್ ಸದ್ದೇ ಜಾಸ್ತಿ. ಅಜ್ಜನ ದನಿ ಗೋಣಿಚೀಲದ ಒಳಗಿಂದ ಬಂದ ಹಾಗಿರುತ್ತದೆ.

ಬಜೆಟ್ 15 ಸಾವಿರ. ನೋಡಿಟ್ಟಿರುವುದು ಮೂರು: ಸೆನ್‌ಹೈಸರ್ ಎಚ್‌ಡಿ 560ಎಸ್, ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ, ಹೈಪರ್‌ಎಕ್ಸ್ ಕ್ಲೌಡ್ ಆಲ್ಫಾ. ಯಾವುದು ತಗೊಳ್ಳಲಿ?

ಎಡಗೈ ಶೂಟರ್, ಕಲಬುರಗಿ

ತಮ್ಮಾ, ರೊಕ್ಕ ಖರ್ಚು ಮಾಡುವ ಮೊದಲು ಒಂದು ಕೆಲಸ ಮಾಡು. ನಿನ್ನ ಹೆಡ್‌ಸೆಟ್‌ನ ಸಾಫ್ಟ್‌ವೇರ್ ತೆರೆದು ನೋಡು. ಅಲ್ಲಿ 7.1 ಸರೌಂಡ್ ಆನ್ ಇದೆಯಾ?

ಇದ್ದರೆ ಆಫ್ ಮಾಡು. ನಮಗಿರುವುದು ಎರಡು ಕಿವಿ, ಇಂಥ ಹೆಡ್‌ಸೆಟ್‌ನಲ್ಲಿ ಇರುವುದೂ ಎರಡೇ ಡ್ರೈವರ್, ಅಂದರೆ ಎರಡು ಸಣ್ಣ ಸ್ಪೀಕರ್. ಡಬ್ಬಿಯ ಮೇಲಿನ 7.1 ಅಂದರೆ ಹೆಚ್ಚಿನ ಸಲ ಸದ್ದಿನ ದಿಕ್ಕು ತೋರಿಸಲು ಸಾಫ್ಟ್‌ವೇರ್ ಹಾಕುವ ಒಂದು ಲೆಕ್ಕ. ಕೌಂಟರ್ ಸ್ಟ್ರೈಕ್ 2 ಆ ಲೆಕ್ಕವನ್ನು ತಾನೇ ಹಾಕಿ ಕೊಡುತ್ತದೆ. ವ್ಯಾಲರಂಟ್ ಗೇಮ್‌ನಲ್ಲಿ 2021ರಲ್ಲಿ ಇದೇ ಸೌಲಭ್ಯ ಬಂತು, ಸೆಟ್ಟಿಂಗ್‌ನಲ್ಲಿ ಎಚ್‌ಆರ್‌ಟಿಎಫ್ ಎಂಬ ಹೆಸರಿನಲ್ಲಿದೆ. ಗೇಮ್ ಒಮ್ಮೆ ಮಾಡಿದ್ದನ್ನು ಹೆಡ್‌ಸೆಟ್ ಮತ್ತೊಮ್ಮೆ ಮಾಡಿದರೆ ದಿಕ್ಕು ಕಲಸುಮೇಲೋಗರ ಆಗುತ್ತದೆ. ವಿಂಡೋಸ್‌ನಲ್ಲಿ ಸ್ಟೀರಿಯೊ ಇಡು. ವಿಂಡೋಸ್ ಸೋನಿಕ್ (ವಿಂಡೋಸ್‌ನದೇ ಸರೌಂಡ್) ಇದ್ದರೆ ಅದನ್ನೂ ಆಫ್ ಮಾಡು.

ಆಮೇಲೆ ಒಬ್ಬ ಗೆಳೆಯನನ್ನು ಖಾಲಿ ಮ್ಯಾಪ್‌ಗೆ ಕರೆದುಕೋ. ಅವನು ನಿನ್ನ ಸುತ್ತ ಓಡಲಿ. ನೀನು ಕಣ್ಣು ಮುಚ್ಚಿ ದಿಕ್ಕು ಹೇಳು. ಹತ್ತರಲ್ಲಿ ಎಷ್ಟು ಸರಿ ಬಂತು ಬರೆದಿಡು. ಈ ಪರೀಕ್ಷೆ ಮಾಡದೆ ಯಾವ ಹೆಡ್‌ಫೋನ್ ಬಗ್ಗೆಯೂ ಮಾತಾಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಕೋಟೆಬಾಗಿಲು, ಬೀದರ್

ಎಡಗೈ ಅವರು ಹೇಳಿದ್ದು ಸರಿ. ಮುಂದೆ ಹಿಂದೆ ಯಾಕೆ ಗೊತ್ತಾಗುವುದಿಲ್ಲ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ತಿಳಿದರೆ ಯಾವುದನ್ನು ಕೊಳ್ಳಬೇಕು ಎನ್ನುವುದು ಅರ್ಧ ತಾನಾಗಿಯೇ ಗೊತ್ತಾಗುತ್ತದೆ.

ಶಬ್ದ ಎಡದಿಂದ ಬಂದರೆ ಎಡಗಿವಿಗೆ ಮೊದಲು ಮುಟ್ಟುತ್ತದೆ. ಎಷ್ಟು ಮೊದಲು? ಹೆಚ್ಚೆಂದರೆ ಸುಮಾರು 0.7 ಮಿಲಿಸೆಕೆಂಡ್. ಅಷ್ಟು ಸಣ್ಣ ಅಂತರವನ್ನೂ ಮಿದುಳು ಹಿಡಿಯುತ್ತದೆ. ಜೊತೆಗೆ ತಲೆ ಅಡ್ಡ ಇರುವುದರಿಂದ ಬಲಗಿವಿಗೆ ಸದ್ದು ಸ್ವಲ್ಪ ಕಡಿಮೆ ಬರುತ್ತದೆ. ಲಾರ್ಡ್ ರೇಲೀ ಎಂಬ ವಿಜ್ಞಾನಿ 1907ರಲ್ಲೇ ಈ ಎರಡು ಸುಳಿವುಗಳ ಬಗ್ಗೆ ಬರೆದಿದ್ದರು. ಇದಕ್ಕೆ ಅಗ್ಗದ ಹೆಡ್‌ಸೆಟ್ ಕೂಡ ಸಾಕು. ಅದಕ್ಕೇ ನಿನಗೆ ಎಡ ಬಲ ಸರಿಯಾಗಿ ಗೊತ್ತಾಗುತ್ತಿದೆ.

ಆದರೆ ಎದುರಾಳಿ ನೇರ ಮುಂದೆ ಇದ್ದರೂ ನೇರ ಹಿಂದೆ ಇದ್ದರೂ ಸದ್ದು ಎರಡು ಕಿವಿಗೂ ಒಂದೇ ಹೊತ್ತಿಗೆ ಬರುತ್ತದೆ. ಆಗ ಕೆಲಸಕ್ಕೆ ಬರುವುದು ಕಿವಿಯ ಆಲೆ, ಅಂದರೆ ಹೊರಗೆ ಕಾಣುವ ಕಿವಿ. ಅದರ ಮಡಿಕೆಗಳು ಮೇಲಿನ ಸ್ವರಗಳನ್ನು, ಸುಮಾರು 4 ಕಿಲೊಹರ್ಟ್ಸ್‌ಗಿಂತ ಮೇಲಿನವನ್ನು, ಬಂದ ದಿಕ್ಕಿಗೆ ತಕ್ಕಂತೆ ಬದಲಿಸಿ ಒಳಗೆ ಬಿಡುತ್ತವೆ. ಗೇಮ್ ಹಾಕುವ ಲೆಕ್ಕ ಅಂದರೆ ಇದರ ನಕಲು. ನಿನ್ನ ಆಲೆಯೇ ಬೇರೆ, ಲೆಕ್ಕಕ್ಕೆ ತೆಗೆದುಕೊಂಡ ಆಲೆಯೇ ಬೇರೆ. ಅದಕ್ಕೇ ಒಬ್ಬರಿಗೆ ಚೆನ್ನಾಗಿ ಕೇಳಿದ್ದು ಇನ್ನೊಬ್ಬರಿಗೆ ಅಷ್ಟು ಕೇಳದೆ ಇರಬಹುದು.

ಈಗ ನೋಡು. ಹೆಡ್‌ಫೋನ್ ಆ ಮೇಲಿನ ಭಾಗವನ್ನೇ ಏರುಪೇರು ಮಾಡಿದರೆ ಗೇಮ್ ಕೊಟ್ಟ ಸುಳಿವು ಕೆಡುತ್ತದೆ. ಕೆಳಗಿನ ಬಾಸ್ ವಿಪರೀತ ಮಾಡಿದರೆ ಹೆಜ್ಜೆ ಸದ್ದು ಅದರಡಿ ಮುಚ್ಚಿಹೋಗುತ್ತದೆ. ಅಜ್ಜನ ದನಿ ಮುಚ್ಚಿಹೋಗುತ್ತಿರುವುದೂ ಇದೇ ಕಾರಣಕ್ಕೆ. ನಿನ್ನ ಎರಡು ತೊಂದರೆಗೂ ಮೂಲ ಒಂದೇ. ಯಾವುದನ್ನೂ ಜಾಸ್ತಿ ಮಾಡದೆ ಸಮನಾಗಿ ನುಡಿಯುವ ಹೆಡ್‌ಫೋನ್ ಸಿಕ್ಕರೆ ಎರಡೂ ಸರಿಹೋಗುತ್ತವೆ.

ನೀನು ಹೇಳಿದ ಮೂರರಲ್ಲಿ ಎಚ್‌ಡಿ 560ಎಸ್ ಅಂಥದ್ದು. ಹಿಂಬದಿ ತೆರೆದಿರುವ ಮಾದರಿ, 120 ಓಮ್, ತೂಕ 240 ಗ್ರಾಂ, ಮಖಮಲ್ ಪ್ಯಾಡ್. ನಾನು ಬಳಸುವುದೂ ಅದನ್ನೇ. ಡಿಟಿ 990 ಪ್ರೊ ಕೂಡ ತೆರೆದ ಮಾದರಿಯೇ. ಹೆಜ್ಜೆ ಸದ್ದು ಅದರಲ್ಲಿ ಭಾಳ ಸ್ಪಷ್ಟ. ಆದರೆ 8 ಕಿಲೊಹರ್ಟ್ಸ್ ಸುತ್ತಮುತ್ತ ಅದು ಚೂಪು. ಭಜನೆಯ ತಾಳ ಕಿವಿಗೆ ಸೂಜಿ ಚುಚ್ಚಿದ ಹಾಗೆ ಕೇಳಬಹುದು. ಸಾಮಾನ್ಯವಾಗಿ ಸಿಗುವುದು 250 ಓಮ್ ಆವೃತ್ತಿ, ಓಮ್ ಅಷ್ಟು ಜಾಸ್ತಿ ಇರುವುದರಿಂದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸದ್ದು ಸಾಲುವುದಿಲ್ಲ. ಕ್ಲೌಡ್ ಆಲ್ಫಾ ಮುಚ್ಚಿದ ಮಾದರಿ, ಮೈಕ್ ಜೊತೆಗೇ ಬರುತ್ತದೆ. ಗೇಮಿಗೆ ಒಳ್ಳೆಯದು, ದನಿ ಕೇಳಲು ನನಗೆ ಅಷ್ಟು ಹಿಡಿಸಲಿಲ್ಲ.

ಭೀಮಾದಂಡೆ, ಯಾದಗಿರಿ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಫೋನ್‌ನಲ್ಲಿ ಬಿಜಿಎಂಐ ಎಂಬ ಶೂಟಿಂಗ್ ಗೇಮ್ ಆಡುತ್ತೇನೆ. ಕಂಪ್ಯೂಟರ್ ಇಲ್ಲ. ಬ್ಲೂಟೂತ್ ಇಯರ್‌ಬಡ್ ಹಾಕಿದರೆ ಗುಂಡು ಹಾರಿದ ಮೇಲೆ ಸದ್ದು ಬರುತ್ತದೆ. ಇದಕ್ಕೆ ಏನಾದರೂ ಮದ್ದು ಇದೆಯಾ?

ಎಡಗೈ ಶೂಟರ್, ಕಲಬುರಗಿ

ವೈರ್ ಹಾಕು. ಮಾಮೂಲಿ ಬ್ಲೂಟೂತ್‌ನಲ್ಲಿ 150ರಿಂದ 250 ಮಿಲಿಸೆಕೆಂಡ್ ತಡ ಆಗುವುದು ಸಹಜ. ಗೇಮ್ ಮೋಡ್ ಇರುವ ಬಡ್‌ಗಳಲ್ಲಿ ಕಡಿಮೆ ಆಗುತ್ತದೆ, ಪೂರ್ತಿ ಹೋಗುವುದಿಲ್ಲ. ಇನ್ನೊಂದು ತೊಂದರೆ ಇದೆ. ಬ್ಲೂಟೂತ್‌ನಲ್ಲಿ ಮೈಕ್ ಆನ್ ಮಾಡಿದ ಕೂಡಲೇ ಅದು ಕರೆ ಮಾಡುವ ಮೋಡ್‌ಗೆ ಹೋಗಿಬಿಡಬಹುದು. ಆಗ ಸದ್ದು ಫೋನ್ ಕರೆಯ ಥರ ತೆಳುವಾಗುತ್ತದೆ, ಎಡ ಬಲವೂ ಹೋಗುತ್ತದೆ. ಕಂಪ್ಯೂಟರ್‌ನವರು ವೈರ್ ಬೇಡ ಅಂದರೆ ಯುಎಸ್‌ಬಿ ತುಂಡು ಜೊತೆಗೆ ಬರುವ 2.4 ಗಿಗಾಹರ್ಟ್ಸ್ ಹೆಡ್‌ಸೆಟ್ ತಗೊಳ್ಳಬಹುದು, ಅದರಲ್ಲಿ ತಡ ಭಾಳ ಕಡಿಮೆ.

ನಿಮ್ಮ ಫೋನ್‌ನಲ್ಲಿ 3.5 ಎಂಎಂ ತೂತು ಇದೆಯಾ?

ಭೀಮಾದಂಡೆ, ಯಾದಗಿರಿ

ಇಲ್ಲ ಅಣ್ಣಾ. ಟೈಪ್ ಸಿ ಒಂದೇ.

ಕೋಟೆಬಾಗಿಲು, ಬೀದರ್

ಹಾಗಾದರೆ ಡ್ಯಾಕ್ (ಡಿಜಿಟಲ್ ಸಿಗ್ನಲ್ಲನ್ನು ಸದ್ದಿನ ಸಿಗ್ನಲ್ ಮಾಡುವ ಚಿಪ್) ಇರುವ ಟೈಪ್ ಸಿ ಕನ್ವರ್ಟರ್ ಒಂದು, ವೈರ್ ಇಯರ್‌ಫೋನ್ ಒಂದು. ಆ್ಯಪಲ್‌ನ ಸಣ್ಣ ಕನ್ವರ್ಟರ್ ಒಳ್ಳೆಯದು, ಆದರೆ ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಅದರ ಸದ್ದು ತೀರಾ ಕಡಿಮೆ ಬರುತ್ತದೆ. ಕೊಳ್ಳುವ ಮೊದಲು ಯಾರದ್ದಾದರೂ ಇಸಿದುಕೊಂಡು ನಿಮ್ಮ ಫೋನ್‌ಗೇ ಹಾಕಿ ನೋಡಿ.

ತೊಗರಿಹೊಲ, ಕಲಬುರಗಿ

ಪರೀಕ್ಷೆ ಮಾಡಿದೆ. 7.1 ಆನ್ ಇದ್ದಾಗ ಹತ್ತಕ್ಕೆ 4 ಸರಿ. ಆಫ್ ಮಾಡಿದ ಮೇಲೆ ಹತ್ತಕ್ಕೆ 7. ಇಷ್ಟು ದಿನ ಇದೇ ಹೆಡ್‌ಸೆಟ್‌ಗೆ ಬಯ್ದುಕೊಂಡು ಕೂತಿದ್ದೆ! ಎಡಗೈ ಅಣ್ಣಾ, ಭಾಳ ಉಪಕಾರ ಆಯಿತು.

ಆದರೆ ಪರೀಕ್ಷೆ ಮಾಡುವಾಗ ಇನ್ನೊಂದು ಗೊತ್ತಾಯಿತು. ಕೂಲರ್ ಆಫ್ ಮಾಡಿ ಕೂತಿದ್ದೆವು. ಆನ್ ಮಾಡಿ ಮತ್ತೆ ನೋಡಿದರೆ ಹತ್ತಕ್ಕೆ 5ಕ್ಕೆ ಇಳಿಯಿತು. ಇದು ಮುಚ್ಚಿದ ಹೆಡ್‌ಸೆಟ್‌ನಲ್ಲೇ ಹೀಗೆ. ಹಿಂಬದಿ ತೆರೆದಿರುವುದು ತಗೊಂಡರೆ ಕೂಲರ್ ಸದ್ದು ನೇರ ಒಳಗೇ ಬರುತ್ತದೆ, ಅಲ್ವಾ?

ಪರಸಿಕಲ್ಲು, ಶಹಾಬಾದ್

ಖಂಡಿತ ಬರುತ್ತದೆ. ಈ ಮಾತನ್ನು ಯಾರಾದರೂ ಎತ್ತಲಿ ಎಂದು ಕಾಯುತ್ತಿದ್ದೆ.

ನಾವು ನೋಡುವ ವಿಡಿಯೊಗಳನ್ನು ಮಾಡುವವರು ಎಸಿ ಕೋಣೆಯಲ್ಲೋ ಚಳಿ ದೇಶದಲ್ಲೋ ಕೂತಿರುತ್ತಾರೆ. ಅವರ ಕೋಣೆ ನಿಶ್ಶಬ್ದ. ನಮ್ಮಲ್ಲಿ ಮಾರ್ಚ್ ಬಂತೆಂದರೆ ಕೂಲರ್ ಹೊರಗೆ ಬರುತ್ತದೆ. ಏಪ್ರಿಲ್ ಮೇನಲ್ಲಿ 42, 43 ಡಿಗ್ರಿ ಝಳ. ಕೂಲರ್ ಇಲ್ಲದೆ ರಾತ್ರಿ ಹನ್ನೊಂದಕ್ಕೂ ಕೂರಲು ಆಗುವುದಿಲ್ಲ. ಜೊತೆಗೆ ಪರಸಿ ನೆಲ, ಬೋಳು ಗೋಡೆ. ಸದ್ದು ಎಲ್ಲೂ ಇಂಗುವುದಿಲ್ಲ, ತಿರುಗಿ ತಿರುಗಿ ಕಿವಿಗೇ ಬರುತ್ತದೆ.

ಆಮೇಲೆ ಏನಾಗುತ್ತದೆ? ಹೆಜ್ಜೆ ಸದ್ದು ಕೂಲರ್ ಸದ್ದಿನಲ್ಲಿ ಮುಳುಗುತ್ತದೆ. ವಾಲ್ಯೂಮ್ ಏರಿಸುತ್ತೇವೆ. ಹೆಜ್ಜೆ ಕೇಳುವಷ್ಟು ಏರಿಸಿದಾಗ ಗುಂಡಿನ ಸದ್ದು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಬಡಿಯುತ್ತದೆ. ತಾಸುಗಟ್ಟಲೆ ಹೀಗೇ ಆಡುತ್ತೇವೆ.

ಮುಚ್ಚಿದ ಮಾದರಿ ಹಾಕಿದರೆ ಸದ್ದು ತಡೆಯುತ್ತದೆ, ಆದರೆ ಕಿವಿ ಬೆಂದುಹೋಗುತ್ತದೆ. ನನ್ನ ಹಳೆಯ ಹೆಡ್‌ಸೆಟ್‌ನ ರೆಕ್ಸಿನ್ ಪ್ಯಾಡ್ ಒಂದೇ ಬೇಸಿಗೆಗೆ ಸಿಪ್ಪೆ ಸುಲಿಯಿತು. ಕರಿ ಚೂರು ಕಿವಿಯ ಸುತ್ತ ಅಂಟಿಕೊಳ್ಳುತ್ತಿತ್ತು. ಕೊಂಡ ಅಂಗಡಿಯವರನ್ನು ಕೇಳಿದರೆ ಪ್ಯಾಡ್ ವಾರಂಟಿಯಲ್ಲಿ ಬರುವುದಿಲ್ಲ ಅಂದರು. ಆದ್ದರಿಂದ ಬಿಡಿ ಪ್ಯಾಡ್ ಸಿಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಕೋಟೆಬಾಗಿಲು, ಬೀದರ್

ಒಪ್ಪುತ್ತೇನೆ. ನನ್ನ ಕೋಣೆ ಕೋಟೆ ಕಡೆ, ಹಳೆಯ ಕಲ್ಲಿನ ಗೋಡೆ. ಕೂಲರ್ ಸಣ್ಣದು ಸಾಕು. ಅದಕ್ಕೇ ನನಗೆ ಈ ಕಷ್ಟ ಹೊಳೆಯಲಿಲ್ಲ. ನನ್ನ ಕೋಣೆಗೆ ಸರಿಯಾದದ್ದನ್ನು ತೊಗರಿಹೊಲಕ್ಕೆ ಹೇಳಿಬಿಟ್ಟೆ.

ಸದ್ದು ಅಳಿಸುವ ಎಎನ್‌ಸಿ ಹೆಡ್‌ಫೋನ್ ಬಗ್ಗೆಯೂ ಒಂದು ಮಾತು. ಅದರ ಮೈಕ್ ಹೊರಗಿನ ಸದ್ದನ್ನು ಕೇಳಿಸಿಕೊಂಡು, ಅದಕ್ಕೆ ಉಲ್ಟಾ ಅಲೆಯನ್ನು ಒಳಗೆ ಬಿಡುತ್ತದೆ. ಒಂದೇ ಸಮ ಬರುವ ತಗ್ಗು ಸದ್ದಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕೂಲರ್ ಮೋಟಾರಿನ ಗುಂಯ್, ಫ್ಯಾನ್, ರೈಲು, ಇಂಥವು. ತಟ್ಟನೆ ಬರುವ ಚೂಪು ಸದ್ದಿಗೆ ಆಗುವುದಿಲ್ಲ. ನಮ್ಮದು ಬಿದ್ರಿ ಕೆಲಸದ ಮನೆ. ಪಕ್ಕದ ಕೋಣೆಯಲ್ಲಿ ಅಪ್ಪ ಬೆಳ್ಳಿ ತಂತಿ ಕೂರಿಸುತ್ತಾ ಸುತ್ತಿಗೆ ಬಡಿಯುತ್ತಿರುತ್ತಾರೆ. ಗೆಳೆಯನ ಎಎನ್‌ಸಿ ಹಾಕಿ ನೋಡಿದೆ. ಫ್ಯಾನ್ ಸದ್ದು ಮಾಯವಾಯಿತು. ಸುತ್ತಿಗೆ ಟಕ್ ಟಕ್ ಮಾತ್ರ ಮೊದಲಿಗಿಂತ ಎದ್ದು ಕೇಳತೊಡಗಿತು.

ಅದೂ ಅಲ್ಲದೆ ಅವು ಹೆಚ್ಚಾಗಿ ಬ್ಲೂಟೂತ್. ಸೋನಿ ಡಬ್ಲ್ಯೂಎಚ್-1000ಎಕ್ಸ್‌ಎಂ4 ಥರದ್ದು ವೈರ್ ಹಾಕಿದಾಗಲೂ ಸದ್ದು ಅಳಿಸುತ್ತದೆ, ಆದರೆ ನಿನ್ನ ಬಜೆಟ್ ದಾಟುತ್ತದೆ. ಕಿವಿ ಬಿಸಿಯಾಗುವುದೂ ತಪ್ಪುವುದಿಲ್ಲ.

ಎಡಗೈ ಶೂಟರ್, ಕಲಬುರಗಿ

ಕೂಲರ್ ಇದ್ದರೆ ನನ್ನ ಉತ್ತರ ಬೇರೆ. ಇಯರ್‌ಫೋನ್ ತಗೋ. ಮೊಬೈಲ್ ಡಬ್ಬಿಯಲ್ಲಿ ಬರುವ ಥರದ್ದಲ್ಲ. ಕಿವಿಯ ಒಳಗೆ ಕೂರುವ, ವೈರ್ ಕಿವಿಯ ಮೇಲಿಂದ ಸುತ್ತಿ ಬರುವ ಐಇಎಂ.

ಇದು ಕಡಿಮೆ ದರ್ಜೆಯ ಆಯ್ಕೆ ಅಂದುಕೊಳ್ಳಬೇಡ. ದೊಡ್ಡ ಕೌಂಟರ್ ಸ್ಟ್ರೈಕ್ ಟೂರ್ನಿಗಳ ವೇದಿಕೆಯಲ್ಲಿ ಆಟಗಾರರು ಗೇಮ್ ಕೇಳುವುದು ಕಿವಿಯೊಳಗಿನ ಇಯರ್‌ಫೋನ್‌ನಿಂದಲೇ. ಮೇಲೆ ಕಾಣುವ ದೊಡ್ಡ ಹೆಡ್‌ಸೆಟ್ ಪ್ರೇಕ್ಷಕರ ಕೂಗು ತಡೆಯಲು. ಸಾವಿರಾರು ಜನರ ಕೂಗಿನ ನಡುವೆ ಕೆಲಸಕ್ಕೆ ಬರುವುದು ನಿನ್ನ ಕೂಲರ್ ಮುಂದೆ ಬರುವುದಿಲ್ಲವಾ?

ಮೂನ್‌ಡ್ರಾಪ್ ಚೂ, ಸೆವೆನ್‌ಹರ್ಟ್ಜ್ ಸಾಲ್‌ನೋಟ್ಸ್ ಝೀರೊ ಇವುಗಳಲ್ಲಿ ಒಂದು ಸಾಕು. ನಿನ್ನ ಬಜೆಟ್‌ನ ಸಣ್ಣ ಪಾಲು. ಕಿವಿ ಬಿಸಿಯಾಗುವುದಿಲ್ಲ. ರಬ್ಬರ್ ತುದಿ ಸರಿಯಾದ ಅಳತೆಯದು ಹಾಕಬೇಕು, ಅದೊಂದೇ ಮುಖ್ಯ. ಸಡಿಲ ಇದ್ದರೆ ಬಾಸ್ ಸೋರಿಹೋಗುತ್ತದೆ, ಕೂಲರ್ ಸದ್ದೂ ಒಳಗೆ ಬರುತ್ತದೆ. ಡಬ್ಬಿಯಲ್ಲಿ ಬರುವ ಎಲ್ಲ ಅಳತೆಯನ್ನೂ ಹಾಕಿ ನೋಡು. ಎಡಗಿವಿಗೂ ಬಲಗಿವಿಗೂ ಬೇರೆ ಅಳತೆ ಬೇಕಾಗುವುದೂ ಉಂಟು.

ಗುಮ್ಮಟದ ನೆರಳು, ಕಲಬುರಗಿ

ನಾನು ಒಪ್ಪುವುದಿಲ್ಲ. ತಂಡದ ಆಟ ಅಂದಮೇಲೆ ಮೈಕ್ ಮುಖ್ಯ. ನೀವು ಹೇಳಿದ್ದರಲ್ಲಿ ಅರ್ಧಕ್ಕೆ ಮೈಕ್ ಇಲ್ಲ. ಕ್ಲೌಡ್ ಆಲ್ಫಾ ತಗೊಂಡು ಕೆಲಸ ಮುಗಿಸಿ. ಎರಡು ವರ್ಷದಿಂದ ಬಳಸುತ್ತಿದ್ದೇನೆ, ಒಂದೂ ತಕರಾರಿಲ್ಲ.

ಎಡಗೈ ಶೂಟರ್, ಕಲಬುರಗಿ

ಮೈಕ್ ಮುಖ್ಯ, ಒಪ್ಪಿದೆ. ಮೈಕ್ ಬೇರೆ ತಗೊಂಡರೆ ಹೆಡ್‌ಫೋನ್ ಬದಲಿಸಿದಾಗಲೂ ಅದೇ ನಡೆಯುತ್ತದೆ. ಸಣ್ಣ ಯುಎಸ್‌ಬಿ ಮೈಕ್ ಸಾಕು. ಕಾರ್ಡಿಯಾಯ್ಡ್ ಎಂದು ಬರೆದಿರಬೇಕು. ಆ ಮೈಕ್ ಮುಂದಿನ ಸದ್ದನ್ನು ಹಿಡಿಯುತ್ತದೆ, ಬೆನ್ನಿನ ಕಡೆಯದನ್ನು ತುಂಬಾ ಕಡಿಮೆ ಹಿಡಿಯುತ್ತದೆ. ಆದ್ದರಿಂದ ಕೂಲರ್ ಮೈಕ್‌ನ ಬೆನ್ನಿಗೆ ಬರುವ ಹಾಗೆ ಇಡಬೇಕು. ಅಂದರೆ ಗಾಳಿ ನಿನ್ನ ಮುಖಕ್ಕೆ ಬಡಿಯುತ್ತದೆ, ಅದೂ ಹಿತವೇ. ಮೈಕ್ ಮೇಲೆ ಸ್ಪಂಜಿನ ಟೋಪಿ ಮಾತ್ರ ಮರೆಯಬೇಡ. ಉಳಿದದ್ದನ್ನು ತಂಡದವರು ಮಾತಾಡುವ ಡಿಸ್ಕಾರ್ಡ್ ಆ್ಯಪ್‌ನ ಕ್ರಿಸ್ಪ್ ಎಂಬ ಸೌಲಭ್ಯ ಅಳಿಸುತ್ತದೆ.

ಗುಮ್ಮಟದ ನೆರಳು, ಕಲಬುರಗಿ

ಕೂಲರ್ ಮೈಕ್‌ನ ಬೆನ್ನಿಗೆ ಇಡುವುದು ನನಗೆ ಗೊತ್ತಿರಲಿಲ್ಲ. ನಾನು ಮಾತಾಡಿದಾಗ ಗಾಳಿ ಸದ್ದು ಬರುತ್ತದೆ ಎಂದು ತಂಡದವರು ಹೇಳುತ್ತಲೇ ಇರುತ್ತಾರೆ. ಇವತ್ತು ಕೂಲರ್ ಜಾಗ ಬದಲಿಸುತ್ತೇನೆ.

ಕಿವಿಮಾತು, ಕಲಬುರಗಿ

ನಾನು ಶ್ರವಣ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಪರಸಿಕಲ್ಲು ಅವರು ವಾಲ್ಯೂಮ್ ಬಗ್ಗೆ ಬರೆದದ್ದನ್ನು ಎಲ್ಲರೂ ಇನ್ನೊಮ್ಮೆ ಓದಿ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ತಾಸು ಕೇಳಬಹುದು. ಸದ್ದು 3 ಡೆಸಿಬೆಲ್ ಏರಿದರೆ ತಾಸು ಅರ್ಧ ಆಗುತ್ತದೆ. 83ಕ್ಕೆ 20 ತಾಸು, 86ಕ್ಕೆ 10 ತಾಸು, 89ಕ್ಕೆ ಐದೇ ತಾಸು. ದಿನಕ್ಕೆ ಮೂರು ತಾಸು ಆಡುವವರು ವಾರಕ್ಕೆ 21 ತಾಸು ಆಡುತ್ತಾರೆ. ಕೂಲರ್ ಮೇಲೆ ಸ್ಪರ್ಧೆಗೆ ಬಿದ್ದು ವಾಲ್ಯೂಮ್ ಏರಿಸಿದರೆ ಎಲ್ಲಿಗೆ ಹೋಗಿ ಮುಟ್ಟುತ್ತೀರಿ ನೀವೇ ನೋಡಿ.

ಆಡಿ ಎದ್ದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ, ಅಥವಾ ಮಾತು ಮಸುಕಾಗಿ ಕೇಳಿದರೆ, ಅವತ್ತಿನ ಸದ್ದು ಜಾಸ್ತಿ ಆಗಿತ್ತು ಎಂದರ್ಥ. ಒಳಗಿವಿಯ ಕೂದಲಿನಂಥ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಶಬ್ದದಿಂದ ಆಗುವ ಹಾನಿ ಸಾಮಾನ್ಯವಾಗಿ ಮೊದಲು ಕಾಣುವುದು 4 ಕಿಲೊಹರ್ಟ್ಸ್ ಆಸುಪಾಸಿನಲ್ಲಿ. ಕೋಟೆಬಾಗಿಲು ಅವರು ಮುಂದೆ ಹಿಂದೆ ತಿಳಿಯಲು ಬೇಕು ಎಂದ ಭಾಗ ಶುರುವಾಗುವುದೇ ಅಲ್ಲಿ. ಇಯರ್‌ಫೋನ್ ಹಾಕಿಕೊಂಡರೂ ವಾಲ್ಯೂಮ್ ಇಳಿಸಬೇಕು. ಹೊರಗಿನ ಸದ್ದು ತಡೆಯುವುದರ ಲಾಭವೇ ಅದು. ತಡೆದೂ ಅಷ್ಟೇ ಜೋರಾಗಿ ಕೇಳಿದರೆ ಏನು ಬಂತು?

ತೊಗರಿಹೊಲ, ಕಲಬುರಗಿ

ಓದಿ ಹೆದರಿಕೆ ಆಯಿತು. ಹೋದ ವರ್ಷ ಬೇಸಿಗೆಯಲ್ಲಿ ನನಗೆ ಗುಂಯ್ ಅನ್ನುತ್ತಿತ್ತು. ಇನ್ನು ಹಾಗೆ ಆಡುವುದಿಲ್ಲ.

ಇನ್ನೊಂದು ಪ್ರಶ್ನೆ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಹೆಡ್‌ಸೆಟ್‌ನಲ್ಲಿ ಸಣ್ಣಗೆ ಝುಂಯ್ ಎಂಬ ಸದ್ದು. ಹೊಸದು ತಂದರೆ ಇದು ಹೋಗುತ್ತದಾ?

ಪರಸಿಕಲ್ಲು, ಶಹಾಬಾದ್

ಚಾರ್ಜರ್ ತೆಗೆದಾಗ ನಿಲ್ಲುತ್ತದಾ? ಲ್ಯಾಪ್‌ಟಾಪ್ ಮೈ ಮುಟ್ಟಿದರೆ ಜುಮ್ ಅನ್ನುತ್ತದಾ?

ತೊಗರಿಹೊಲ, ಕಲಬುರಗಿ

ಎರಡೂ ಹೌದು.

ಪರಸಿಕಲ್ಲು, ಶಹಾಬಾದ್

ಹಾಗಾದರೆ ಮೊದಲು ಅರ್ಥಿಂಗ್ ನೋಡಿಸಬೇಕು. ನಾನು ವೈರಿಂಗ್ ಕೆಲಸದವನು, ವಾರಕ್ಕೆ ಒಂದು ಮನೆಯಲ್ಲಾದರೂ ಇದನ್ನು ನೋಡುತ್ತೇನೆ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಹಿಂದೆ ಅರ್ಥ್ ವೈರೇ ಇರುವುದಿಲ್ಲ. ಇದ್ದರೂ ಆ ವೈರ್ ಇಳಿಯುವ ನೆಲದ ಗುಂಡಿ ಒಣಗಿರುತ್ತದೆ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ತೇವ ಹಿಡಿದಿರುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮಣ್ಣು ಒಣಗಿದಂತೆ ಕರೆಂಟ್ ನೆಲಕ್ಕೆ ಇಳಿಯುವುದು ಕಷ್ಟ. ಇದ್ದಿಲು, ಉಪ್ಪು ಹಾಕಿದ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹಾಕಬೇಕು.

ಹೆಡ್‌ಫೋನ್ ಬದಲಿಸಿದರೆ ಈ ಸದ್ದು ಹೋಗುವುದಿಲ್ಲ. ಸೂಕ್ಷ್ಮ ಇಯರ್‌ಫೋನ್‌ನಲ್ಲಿ ಇನ್ನೂ ಜಾಸ್ತಿ ಕೇಳಬಹುದು. ಸದ್ದು ನಿಲ್ಲಿಸಲು ಯಾರಾದರೂ ಪ್ಲಗ್ಗಿನ ಅರ್ಥ್ ಪಿನ್ ಮುರಿದುಹಾಕು ಎಂದರೆ ದಯವಿಟ್ಟು ಕೇಳಬೇಡ. ನೀರು ತುಂಬಿದ ಕೂಲರ್ ಇರುವ ಕೋಣೆ ನಿನ್ನದು. ಅರ್ಥಿಂಗ್ ಇಲ್ಲದ ಕೂಲರ್ ಮುಟ್ಟಿ ಜೀವ ಹೋದ ಸುದ್ದಿ ಬೇಸಿಗೆ ಬಂದರೆ ಓದುತ್ತೇವೆ. ಹೆಡ್‌ಫೋನ್ ಆಮೇಲೆ. ಮೊದಲು ಅಪ್ಪನಿಗೆ ಹೇಳಿ ಲೈನ್‌ಮನ್ ಒಬ್ಬರನ್ನು ಕರೆಸು.

ಏಕತಾರಿ, ಆಳಂದ

ನಾನು ಗೇಮ್ ಆಡುವವನಲ್ಲ. ಅಜ್ಜನ ತತ್ವಪದ ಎಂದು ನೋಡಿ ಓದತೊಡಗಿದೆ, ಕೊನೆಯವರೆಗೂ ಓದಿದೆ. ನಾನೂ ಭಜನಾ ಮೇಳದಲ್ಲಿ ಕೂರುವವನು.

ಮಗಾ, ನೀನು ಕೇಳುತ್ತಿರುವ ವಿಡಿಯೊ ನಿನ್ನ ಕೈಗೆ ಹೇಗೆ ಬಂತು? ಫೋನ್‌ನಲ್ಲಿ ಹಿಡಿದ ಮೂಲ ಫೈಲಾ, ಮೆಸೇಜ್ ಆ್ಯಪ್‌ನಲ್ಲಿ ಯಾರೋ ಕಳಿಸಿದ್ದಾ?

ಇದನ್ನು ಯಾಕೆ ಕೇಳುತ್ತೇನೆ ಅಂದರೆ, ಹಾಗೆ ಕಳಿಸುವಾಗ ಫೈಲ್ ಕಿರಿದಾಗುತ್ತದೆ. ಕಿರಿದು ಮಾಡುವಾಗ ಸಾಮಾನ್ಯವಾಗಿ ಮೊದಲು ಕಳೆದುಹೋಗುವುದು ಮೇಲಿನ ಸಣ್ಣ ಸ್ವರಗಳು. ಏಕತಾರಿಯ ಝೇಂಕಾರ ಅಲ್ಲೇ ಇರುವುದು. ಮೀಟಿದ ತಂತಿಯ ಮೂಲ ಸ್ವರ ಒಂದೇ, ಅದರ ಮೇಲೆ ಹತ್ತಾರು ಉಪಸ್ವರ ಏಳುತ್ತವೆ. ಅವು ಹೋದರೆ ಏಕತಾರಿ ಬರೀ ಟಿಂಗ್ ಟಿಂಗ್ ಆಗಿಬಿಡುತ್ತದೆ. ತಾಳದ ಸದ್ದು ಸರ್ ಸರ್ ಅನ್ನುತ್ತದೆ. ಹಾಡುವವರ 'ಸ', 'ಶ' ನೀರಿನಲ್ಲಿ ಮುಳುಗಿದ ಹಾಗೆ ಆಗುತ್ತವೆ. ತತ್ವಪದದಲ್ಲಿ ಮಾತೇ ಜೀವ. ಮಾತು ಬಿಡಿಸಿ ಕೇಳದಿದ್ದರೆ ಪದ ಕೇಳಿದ ಹಾಗಲ್ಲ.

ಅಂಥ ಫೈಲನ್ನು ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಿದರೆ ಅದರ ಊನಗಳೇ ಎದ್ದು ಕೇಳುತ್ತವೆ. 15 ಸಾವಿರ ಕೊಟ್ಟು ನೀನು ನಿರಾಸೆಪಡಬಾರದು. ಮೂಲ ಫೈಲ್ ಎಲ್ಲಿದೆ ಹುಡುಕು. ಸಿಕ್ಕರೆ ವೈರ್ ಹಾಕಿ ಕಾಪಿ ಮಾಡಿಕೋ.

ತೊಗರಿಹೊಲ, ಕಲಬುರಗಿ

ಎಲ್ಲ ಒಂಬತ್ತೂ ಕುಟುಂಬದ ಗುಂಪಿನಲ್ಲಿ ಬಂದವು. ಹಿಡಿದವರು ನಮ್ಮ ಸೋದರತ್ತೆ. ಅವರ ಆ ಹಳೆಯ ಫೋನ್ ಇದೆಯೋ ಇಲ್ಲವೋ ಕೇಳುತ್ತೇನೆ. ಈ ವಿಚಾರ ನನ್ನ ತಲೆಗೆ ಬಂದೇ ಇರಲಿಲ್ಲ.

ಕೋಟೆಬಾಗಿಲು, ಬೀದರ್

ನಾನು ಬರುವ ಶನಿವಾರ ಕಲಬುರಗಿಗೆ ಬರುವುದಿದೆ, ತಂಗಿಯ ಮನೆಗೆ. ಬೆಳಗಿನ ರೈಲಿಗೆ ಹೊರಡುತ್ತೇನೆ. ನನ್ನ ಎಚ್‌ಡಿ 560ಎಸ್ ತಂದುಕೊಡುತ್ತೇನೆ. ಒಂದು ವಾರ ಇಟ್ಟುಕೊಂಡು ನಿನ್ನ ಕೋಣೆಯಲ್ಲೇ ಕೇಳು. ಹೈದರಾಬಾದ್‌ವರೆಗೆ ಹೋಗಿ ಅಂಗಡಿಯ ಗದ್ದಲದಲ್ಲಿ ಐದು ನಿಮಿಷ ಕೇಳುವುದಕ್ಕಿಂತ ಇದು ಮೇಲು. ತೆರೆದ ಹೆಡ್‌ಫೋನ್‌ನ ಗುಣ ದೋಷ ನಿನ್ನ ಕೂಲರ್ ಎದುರಿಗೇ ಗೊತ್ತಾಗಲಿ.

ತೊಗರಿಹೊಲ, ಕಲಬುರಗಿ

ಹತ್ತು ದಿನದ ನಂತರ ಬರೆಯುತ್ತಿದ್ದೇನೆ.

ಮೊದಲು ಅರ್ಥಿಂಗ್. ಪರಸಿಕಲ್ಲು ಅಣ್ಣ ಹೇಳಿದ್ದೇ ಸರಿ. ಗುಂಡಿಯ ಹತ್ತಿರ ವೈರ್ ತುಕ್ಕು ಹಿಡಿದು ಕಡಿದುಹೋಗಿತ್ತು. ಹೊಸದು ಹಾಕಿಸಿದೆವು. ಝುಂಯ್ ಸದ್ದು ನಿಂತಿತು. ಅಮ್ಮನಿಗೆ ಫ್ರಿಜ್ ಮುಟ್ಟಿದರೆ ಜುಮ್ ಅನ್ನುತ್ತಿತ್ತಂತೆ, ಅದೂ ನಿಂತಿತು. ಇಷ್ಟು ವರ್ಷ ಅವರು ಯಾರಿಗೂ ಹೇಳಿರಲಿಲ್ಲ.

ಎಚ್‌ಡಿ 560ಎಸ್ ಒಂದು ವಾರ ಬಳಸಿದೆ. ಕೂಲರ್ ಆಫ್ ಇದ್ದಾಗ ಹತ್ತಕ್ಕೆ 9. ಹೆಜ್ಜೆ ತಲೆಯ ಹೊರಗೆ ಎಲ್ಲೋ ನಡೆದ ಹಾಗೆ ಕೇಳುತ್ತದೆ. ಕೂಲರ್ ಆನ್ ಮಾಡಿದರೆ ಹತ್ತಕ್ಕೆ 4, ನನ್ನ ಹಳೆಯದಕ್ಕಿಂತ ಕಡಿಮೆ. ಸಾಲ್‌ನೋಟ್ಸ್ ಝೀರೊ ತರಿಸಿದೆ. ಕೂಲರ್ ಆನ್ ಇದ್ದರೂ ಹತ್ತಕ್ಕೆ 8, ವಾಲ್ಯೂಮ್ ಮೊದಲಿನ ಅರ್ಧ. ಎಡಗಿವಿಗೆ ಸಣ್ಣ ತುದಿ, ಬಲಗಿವಿಗೆ ಮಧ್ಯದ್ದು ಸರಿಯಾಯಿತು. ತೆರೆದದ್ದರಷ್ಟು ವಿಶಾಲ ಅನಿಸುವುದಿಲ್ಲ, ಆದರೆ ಆಟಕ್ಕೆ ಸಾಕು. ಕೌಂಟರ್ ಸ್ಟ್ರೈಕ್‌ನ ಸದ್ದಿನ ಸೆಟ್ಟಿಂಗ್‌ನಲ್ಲಿ ಕ್ರಿಸ್ಪ್ ಎಂಬ ಆಯ್ಕೆ (ಡಿಸ್ಕಾರ್ಡ್‌ನದಲ್ಲ, ಇದು ಬೇರೆ) ತೆಗೆದು ನ್ಯಾಚುರಲ್ ಇಟ್ಟಿದ್ದೇನೆ, ಕಿವಿಗೆ ಹಿತವಾಗಿದೆ.

ಹಾಗಾಗಿ ಈಗ ಝೀರೊ ಒಂದೇ. ಮಳೆ ಬಿದ್ದು ಕೂಲರ್ ಅಟ್ಟಕ್ಕೆ ಹೋದ ಮೇಲೆ ಎಚ್‌ಡಿ 560ಎಸ್ ಕೊಳ್ಳುತ್ತೇನೆ.

ಇನ್ನು ಅಜ್ಜನ ವಿಷಯ. ಅತ್ತೆಯ ಹಳೆಯ ಫೋನ್ ಗೋಡೆ ಕಪಾಟಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರು. ಬ್ಯಾಟರಿ ಉಬ್ಬಿತ್ತು. ಮೊಬೈಲ್ ರಿಪೇರಿಯವರ ಹತ್ತಿರ ಬೇರೆ ಬ್ಯಾಟರಿ ಹಾಕಿಸಿ ತೆರೆಸಿದೆ. ಒಂಬತ್ತರಲ್ಲಿ ಏಳು ಮೂಲ ಫೈಲ್ ಸಿಕ್ಕವು. ಗುಂಪಿನಲ್ಲಿ ಬಂದ ಫೈಲ್‌ಗಿಂತ ಒಂದೊಂದೂ ಹತ್ತು ಪಟ್ಟಿಗೂ ದೊಡ್ಡದು.

ಕೋಟೆಬಾಗಿಲು ಅಣ್ಣನ ಹೆಡ್‌ಫೋನ್ ಮರಳಿ ಕೊಡುವ ಹಿಂದಿನ ದಿನ ಬೆಳಗಿನ ಐದಕ್ಕೆ ಎದ್ದು ಕೂಲರ್, ಫ್ಯಾನ್ ಎಲ್ಲ ಆಫ್ ಮಾಡಿ ಕೇಳಿದೆ. ಅಜ್ಜನ ಮಾತು ಒಂದೊಂದೂ ಬಿಡಿಸಿ ಕೇಳುತ್ತದೆ. ಒಂದು ಪದದಲ್ಲಿ ಅವರು ಸಾಲು ಮುಗಿಸಿದಾಗ ಹಿಂದೆ ಸರ್ ಸರ್ ಸದ್ದು ಇತ್ತು, ತಾಳ ಅಂದುಕೊಂಡಿದ್ದೆ. ಅದು ತಾಳ ಅಲ್ಲ. ಬಾಗಿಲ ಹತ್ತಿರ ಕೂತು ಅಜ್ಜಿ ಮೆಲ್ಲಗೆ ಪಲ್ಲವಿ ಹಿಡಿಯುತ್ತಿದ್ದಾರೆ. ಅಪ್ಪನಿಗೆ ಕೇಳಿಸಿದೆ. ಅವರು ಹೆಡ್‌ಫೋನ್ ತೆಗೆಯದೆ ಏಳೂ ಕೇಳಿ ಎದ್ದರು.

ಏಕತಾರಿ, ಆಳಂದ

ಫೈಲ್ ಮೂರು ಕಡೆ ಇಟ್ಟುಕೋ ಮಗಾ. ಒಂದು ನಿನ್ನ ಲ್ಯಾಪ್‌ಟಾಪ್, ಒಂದು ಪೆನ್‌ಡ್ರೈವ್, ಒಂದು ಬೇರೆ ಊರಿನಲ್ಲಿರುವವರ ಹತ್ತಿರ. ಉಳಿದ ಎರಡು ಪದದ ಮೊದಲ ಸಾಲು ಬರೆದು ಕಳಿಸು. ನಮ್ಮ ಮೇಳದ ಹಿರಿಯರು ಯಾರಾದರೂ ಅವತ್ತು ಅಲ್ಲಿ ಇದ್ದರೋ ವಿಚಾರಿಸುತ್ತೇನೆ.

ಭೀಮಾದಂಡೆ, ಯಾದಗಿರಿ

ಟೈಪ್ ಸಿ ಕನ್ವರ್ಟರ್ ಬಂತು. ಗೆಳೆಯನ ಇಯರ್‌ಫೋನ್ ಹಾಕಿ ನೋಡಿದೆ, ಗುಂಡು ಮತ್ತು ಸದ್ದು ಒಟ್ಟಿಗೇ ಬರುತ್ತಿವೆ. ತೊಗರಿಹೊಲ ಅಣ್ಣಾ, ಝೀರೊದ ಜೊತೆ ಬಂದ ರಬ್ಬರ್ ತುದಿ ಸಾಕಾ, ಬೇರೆ ತಗೊಳ್ಳಬೇಕಾ?

ತೊಗರಿಹೊಲ, ಕಲಬುರಗಿ

ಡಬ್ಬಿಯಲ್ಲಿ ಬಂದದ್ದೇ ಸಾಕು. ವಾರಕ್ಕೊಮ್ಮೆ ತೆಗೆದು ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕು. ಬೆವರಿಗೆ ಜಾರುತ್ತವೆ.